ಅಜ್ಜಿ, ಮಕ್ಕಳು, ಬುತ್ತಿ: ಬೊರಿವಲಿ ನ್ಯಾಷನಲ್ ಪಾರ್ಕಿನಲ್ಲಿ ಒಂದು ದಿನ ಕಳೆಯುವುದು ಹೇಗೆ

ಮುಂಬೈಯಲ್ಲಿ ಮನೆಮಂದಿಯೆಲ್ಲ ಸೇರಿ ಒಂದು ದಿನ ಹೊರಗೆ ಹೋಗೋಣ ಅಂದರೆ ಮೊದಲು ಬಾಯಿಗೆ ಬರುವುದು ಮಾಲ್, ಇಲ್ಲದಿದ್ದರೆ ಜುಹೂ. ಮಾಲಿನಲ್ಲಿ ಅಜ್ಜಿಗೆ ಕೂರಲು ಜಾಗ ಸಿಗುವುದಿಲ್ಲ. ಬೀಚಿನಲ್ಲಿ ನೆರಳು ಸಿಗುವುದಿಲ್ಲ. ನೀವು ಬೊರಿವಲಿಗೆ ಹೋಗಿ. ಅಲ್ಲಿನ ಸಂಜಯ್ ಗಾಂಧಿ ರಾಷ್ಟ್ರೀಯ ಉದ್ಯಾನ, ನಾವೆಲ್ಲ ನ್ಯಾಷನಲ್ ಪಾರ್ಕ್ ಅನ್ನುವ ಜಾಗ, ಸುಮಾರು 104 ಚದರ ಕಿಲೋಮೀಟರ್ ಕಾಡು. ಒಂದು ಕಡೆ ಬೊರಿವಲಿ, ಗೋರೆಗಾಂವ್, ಇನ್ನೊಂದು ಕಡೆ ಮುಲುಂಡ್, ಠಾಣೆ. ನಡುವೆ ಚಿರತೆ, ಜಿಂಕೆ, ಎರಡು ಕೆರೆ, ಎರಡು ಸಾವಿರ ವರ್ಷ ಹಳೆಯ ಗುಹೆಗಳು. ಲೋಕಲ್ ಟ್ರೇನಿನಲ್ಲಿ ಹೋಗಿ ಬರಬಹುದಾದ ಇಂಥ ಕಾಡು ನಮಗೆ ಇರುವುದು ದೊಡ್ಡ ಭಾಗ್ಯ.

ಒಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ, ಮುಂದೆ ಬರೆದಿರುವುದೆಲ್ಲ ಅದರ ಮೇಲೇ ನಿಂತಿದೆ. ಈ ಪಾರ್ಕಿಗೆ ಬರೀ ಮಕ್ಕಳನ್ನು ಕರೆದುಕೊಂಡು ಹೋಗಬೇಡಿ. ಊರಿನಿಂದ ಬಂದಿರುವ ಅಜ್ಜಿ, ಅಜ್ಜ, ದೊಡ್ಡಮ್ಮ, ಮಾವ, ಯಾರೇ ಇರಲಿ, ಅವರನ್ನೂ ಹೊರಡಿಸಿ. ಈ ಊರಿನಲ್ಲಿ ಮೊಮ್ಮಕ್ಕಳಿಗಿಂತ ಅವರಿಗೇ ಹೆಚ್ಚು ಗೊತ್ತಿರುವ ಜಾಗ ತುಂಬ ಕಡಿಮೆ. ಲಿಫ್ಟು, ಮೆಟ್ರೋ, ಫೋನು, ಎಲ್ಲದಕ್ಕೂ ಮೊಮ್ಮಗನನ್ನೇ ಕೇಳಬೇಕು. ಆದರೆ ನ್ಯಾಷನಲ್ ಪಾರ್ಕಿನ ಒಳಗೆ ಹೋಗಿ ಒಂದು ಮುತ್ತುಗದ ಮರದ ಕೆಳಗೆ ನಿಂತರೆ ಸಾಕು, ಅಜ್ಜಿ ಎಲೆ ಹಚ್ಚುವುದು ಹೇಗೆ, ಕಡ್ಡಿ ಎಲ್ಲಿಂದ ತರುತ್ತಿದ್ದರು, ಮದುವೆಗೆ ಎಷ್ಟು ದಿನ ಮೊದಲು ಕೂತು ಹಚ್ಚುತ್ತಿದ್ದರು ಎಂದು ತಾನಾಗಿ ಶುರು ಮಾಡುತ್ತಾಳೆ. ಇಲ್ಲಿನ ಕಾಡು ಸಹ್ಯಾದ್ರಿಯ ನೆಂಟನೇ. ತೇಗ, ಬೂರುಗ, ಹೊಂಗೆ, ಕದಂಬ, ಎಲ್ಲವೂ ಅವರಿಗೆ ಪರಿಚಯದ ಮರಗಳು. ಹಾಗಾಗಿ ದಿನದ ಯೋಜನೆಯನ್ನು ಮನೆಯಲ್ಲಿ ಎಲ್ಲರಿಗಿಂತ ನಿಧಾನ ನಡೆಯುವವರ ಕಾಲಿಗೆ ಹೊಂದಿಸಿ. ಆಗ ಮಕ್ಕಳಿಗೂ ಚೆನ್ನಾಗಿರುತ್ತದೆ.

ಯಾವ ದಿನ, ಯಾವ ಕಾಲ

ಸೋಮವಾರ ಪಾರ್ಕ್ ಮುಚ್ಚಿರುತ್ತದೆ. ಶನಿವಾರ, ಭಾನುವಾರದ ಜೊತೆ ಸೋಮವಾರ ರಜೆ ಹಾಕಿ "ಸೋಮವಾರ ಜನ ಇರುವುದಿಲ್ಲ" ಎಂದು ಹೊರಡುವವರು ಬಹಳ. ಅವರು ಬಾಗಿಲಿನಿಂದಲೇ ವಾಪಸ್ ಬರಬೇಕಾಗುತ್ತದೆ. ಭಾನುವಾರ ಜನ ಜಾಸ್ತಿ, ಸಾಲು ಜಾಸ್ತಿ. ಆದರೆ ಭಾನುವಾರ ಬಿಟ್ಟರೆ ನಮ್ಮಲ್ಲಿ ಎಷ್ಟೋ ಮನೆಗಳಿಗೆ ಬೇರೆ ದಿನ ಇಲ್ಲ, ಹೋಟೆಲ್ ಕೆಲಸದವರಿಗಂತೂ ಅದೂ ಇಲ್ಲ. ಭಾನುವಾರವೇ ಹೋಗುವುದಾದರೆ ಬೆಳಿಗ್ಗೆ ಬೇಗ ಹೋಗಿ, ಅದಕ್ಕಿಂತ ದೊಡ್ಡ ಉಪಾಯ ಬೇರೆ ಇಲ್ಲ. ದೀಪಾವಳಿ ಅಥವಾ ಕ್ರಿಸ್‌ಮಸ್ ರಜೆಯ ನಡುವೆ ಒಂದು ಬುಧವಾರವೋ ಗುರುವಾರವೋ ಸಿಕ್ಕರೆ ಅದನ್ನು ಬಿಡಬೇಡಿ.

ವಯಸ್ಸಾದವರು ಜೊತೆಗಿದ್ದರೆ ನವೆಂಬರ್‌ನಿಂದ ಫೆಬ್ರವರಿವರೆಗೆ ಒಳ್ಳೆಯ ಕಾಲ. ಫೆಬ್ರವರಿ ಕೊನೆಗೆ ಮುತ್ತುಗ ಹೂ ಬಿಡಲು ಶುರುವಾಗುತ್ತದೆ, ಎಲೆಯಿಲ್ಲದ ಕೊಂಬೆಯ ತುಂಬ ಕೆಂಡದ ಬಣ್ಣ. ಏಪ್ರಿಲ್, ಮೇ ತಿಂಗಳಲ್ಲಿ ಹತ್ತು ಗಂಟೆಗೇ ಗುಹೆಗಳ ಕಲ್ಲು ಕಾದಿರುತ್ತದೆ, ದೊಡ್ಡವರನ್ನು ಆ ಬಿಸಿಲಿಗೆ ಕರೆದೊಯ್ಯಬೇಡಿ.

ಮಳೆಗಾಲದ ಬಗ್ಗೆ ಸ್ವಲ್ಪ ಹೆಚ್ಚೇ ಹೇಳಬೇಕು. ಜುಲೈ, ಆಗಸ್ಟ್‌ನಲ್ಲಿ ಈ ಕಾಡು ನೋಡಿದರೆ ಆಗುಂಬೆಯ ಕಡೆಯವರಿಗೂ ಖುಷಿಯಾಗುತ್ತದೆ. ಬಂಡೆಗಳ ಮೇಲೆಲ್ಲ ನೀರು, ಕಾಲಡಿಗೆ ಪಾಚಿ, ಎಲ್ಲೆಲ್ಲೂ ಹಸಿರು. ಆದರೆ ಕಲ್ಲಿನ ಮೆಟ್ಟಿಲು ಜಾರುತ್ತದೆ ಮತ್ತು ತೊರೆಗೆ ನೀರು ಯಾವಾಗ ಏರುತ್ತದೆ ಎಂದು ಹೇಳಲಾಗದು. ಮೇಲೆ ಮಳೆ ಸುರಿದರೆ ಕೆಳಗೆ ನಿಂತವರಿಗೆ ಗೊತ್ತೇ ಆಗುವುದಿಲ್ಲ. ತೊರೆಗೆ, ನದಿಗೆ ಇಳಿಯುವುದು ಬೇಡ, ಮಕ್ಕಳು ಎಷ್ಟೇ ಅತ್ತರೂ ಬೇಡ. ಮಳೆಗಾಲದಲ್ಲಿ ಹೋಗುವುದಾದರೆ ದೊಡ್ಡವರನ್ನು ಕೆಳಗಿನ ತೋಟ, ರಸ್ತೆಯ ಭಾಗಕ್ಕೆ ಮಾತ್ರ ಕರೆದುಕೊಂಡು ಹೋಗಿ, ಗುಹೆಗಳನ್ನು ಚಳಿಗಾಲಕ್ಕೆ ಇಟ್ಟುಕೊಳ್ಳಿ.

ಇದೇ ಕಾಡಿನಲ್ಲಿ ಕಾರ್ವಿ ಎಂಬ ಪೊದೆ ಇದೆ, ನಮ್ಮ ಕೊಡಗು, ಚಿಕ್ಕಮಗಳೂರಿನ ಬೆಟ್ಟಗಳ ನೀಲಕುರಂಜಿಯ ಜಾತಿಯೇ. ಎಂಟು ವರ್ಷಕ್ಕೊಮ್ಮೆ ಒಟ್ಟಿಗೆ ಹೂ ಬಿಡುತ್ತದೆ. 2008, 2016, 2024 ಹೀಗೆ ಬಂದಿದೆ, ಮುಂದಿನದು 2032ರ ಲೆಕ್ಕ. ಹೂ ಇಲ್ಲದ ವರ್ಷವೂ ಆ ಪೊದೆಯನ್ನು ಮಕ್ಕಳಿಗೆ ತೋರಿಸಿ. ಇಲ್ಲಿನ ವಾರ್ಲಿ ಆದಿವಾಸಿಗಳು ಅದರ ಕಡ್ಡಿಗಳನ್ನು ಹೆಣೆದು, ಮೇಲೆ ಮಣ್ಣು, ಸಗಣಿ ಮೆತ್ತಿ ಮನೆಯ ಗೋಡೆ ಮಾಡುತ್ತಿದ್ದರು.

ತಲುಪುವುದು

ವೆಸ್ಟರ್ನ್ ಲೈನಿನವರಿಗೆ ಸುಲಭ, ಬೊರಿವಲಿಯಲ್ಲಿ ಇಳಿದು ಪೂರ್ವಕ್ಕೆ ಬರಬೇಕು. ಒಂದು ಮಾತು ನೆನಪಿಡಿ: ಮಕ್ಕಳು, ದೊಡ್ಡವರು, ಚೀಲಗಳು ಇರುವಾಗ ವಿರಾರ್ ಗಾಡಿ ಹತ್ತಬೇಡಿ. ಬೊರಿವಲಿಗೇ ನಿಲ್ಲುವ ಲೋಕಲ್ ಹಿಡಿಯಿರಿ, ಹತ್ತು ನಿಮಿಷ ಕಾಯಬೇಕಾದರೂ ಪರವಾಗಿಲ್ಲ. ಅದು ಕೊನೆಯ ಸ್ಟೇಷನ್, ಎಲ್ಲರೂ ಇಳಿಯುತ್ತಾರೆ, ಅಜ್ಜಿಯನ್ನು ಬಾಗಿಲ ಹತ್ತಿರ ನೂಕಿಕೊಂಡು ಹೋಗುವ ಗಡಿಬಿಡಿ ಇರುವುದಿಲ್ಲ. ಭಾನುವಾರವಾದರೆ ಹಿಂದಿನ ರಾತ್ರಿಯೇ ಜಂಬೋ ಬ್ಲಾಕ್, ಅಂದರೆ ಹಳಿ ದುರಸ್ತಿಗೆ ಗಾಡಿ ನಿಲ್ಲಿಸುವುದು, ಇದೆಯಾ ನೋಡಿಕೊಳ್ಳಿ.

ಡೊಂಬಿವಲಿ, ಕಲ್ಯಾಣದ ಕಡೆಯವರು ದಾದರಿನಲ್ಲಿ ಬದಲಿಸುತ್ತಾರೆ. ಆ ಸೇತುವೆ ಮೆಟ್ಟಿಲು ದೊಡ್ಡವರಿಗೆ ಕಷ್ಟ. ಅದಕ್ಕಿಂತ ಠಾಣೆಯಲ್ಲಿ ಇಳಿದು ಘೋಡ್‌ಬಂದರ್ ರಸ್ತೆಯಲ್ಲಿ ಬೊರಿವಲಿಗೆ ಬರುವ ಬಸ್ಸು ಹಿಡಿಯುವುದು ಒಳ್ಳೆಯದು, ಆ ರಸ್ತೆ ಪಾರ್ಕಿನ ಉತ್ತರದ ಅಂಚಿನಲ್ಲೇ ಸುತ್ತಿಕೊಂಡು ಬರುತ್ತದೆ. ಘಾಟ್‌ಕೋಪರದವರಿಗೆ ಮೆಟ್ರೋ ಇದೆ: ಒಂದನೇ ಲೈನಿನಲ್ಲಿ ವೆಸ್ಟರ್ನ್ ಎಕ್ಸ್‌ಪ್ರೆಸ್ ಹೈವೇ ಸ್ಟೇಷನ್ನಿಗೆ ಬಂದು, ಪಕ್ಕದ ಗುಂದವಲಿಯಿಂದ ಏಳನೇ ಲೈನ್ ಹಿಡಿದರೆ 'ರಾಷ್ಟ್ರೀಯ ಉದ್ಯಾನ' ಎಂಬ ಹೆಸರಿನ ಸ್ಟೇಷನ್ನೇ ಇದೆ. ಲಿಫ್ಟು ಇದೆ, ಎಸಿ ಇದೆ. ಮಂಡಿ ನೋವಿನವರು ಜೊತೆಗಿದ್ದರೆ ಅಂಧೇರಿಯವರೂ ಲೋಕಲ್ ಬಿಟ್ಟು ಇದನ್ನೇ ಹಿಡಿಯುವುದು ಒಳ್ಳೆಯದು.

ಕಾರಿನಲ್ಲಿ ಬರುವವರು ಗಾಡಿಯನ್ನು ಒಳಗಿನವರೆಗೆ ಓಡಿಸಿಕೊಂಡು ಹೋಗಬಹುದು ಎಂದುಕೊಂಡು ಬರಬೇಡಿ. ಖಾಸಗಿ ಗಾಡಿಗಳ ನಿಯಮ ಬದಲಾಗುತ್ತಲೇ ಇರುತ್ತದೆ, ಬಿಗಿಯಾಗುತ್ತಲೇ ಇದೆ. ನನ್ನನ್ನು ಕೇಳಿದರೆ ಅದು ಸರಿಯೇ. ಕಾಡಿನ ನಡುವೆ ಹಾರ್ನ್ ಹೊಡೆಯುವುದು ಯಾಕೆ?

ಬುತ್ತಿ ಮತ್ತು ಚೀಲ

ಬಾಗಿಲಲ್ಲಿ ಚೀಲ ನೋಡುತ್ತಾರೆ. ಪ್ಲಾಸ್ಟಿಕ್ ಕವರು, ಚಿಪ್ಸ್ ಪೊಟ್ಟಣ, ಬಳಸಿ ಬಿಸಾಡುವ ತಟ್ಟೆ, ಲೋಟ ಏನೂ ಬೇಡ. ಸ್ಟೀಲ್ ಡಬ್ಬಿ, ಸ್ಟೀಲ್ ಬಾಟಲಿ, ಬಟ್ಟೆಯ ಚೀಲ. ಮಾಟುಂಗದ ಕಡೆ ಹೋಗುವವರಿದ್ದರೆ ಹಿಂದಿನ ದಿನ ಬಾಳೆಲೆ ತರಿಸಿ, ಕತ್ತರಿಸಿ, ಒದ್ದೆ ಬಟ್ಟೆಯಲ್ಲಿ ಸುತ್ತಿ ಇಟ್ಟುಕೊಳ್ಳಿ. ಊಟವಾದ ಮೇಲೆ ಎಲೆ ಕಾಡಿನಲ್ಲಿ ಬಿಸಾಡಬಹುದು ಅಂದುಕೊಳ್ಳಬೇಡಿ, ಅದನ್ನೂ ಮಡಚಿ ವಾಪಸ್ ತನ್ನಿ. ಎಂಜಲು ಬಿದ್ದಲ್ಲಿ ಮಂಗ ಬರುತ್ತದೆ, ನಾಯಿ ಬರುತ್ತದೆ. ನಾಯಿ ಬಂದಲ್ಲಿ ಏನು ಬರುತ್ತದೆ ಎಂಬುದನ್ನು ಮುಂದೆ ಹೇಳುತ್ತೇನೆ.

ಅಡುಗೆ ಏನು ಮಾಡಬೇಕು ಎಂಬುದು ನಿಮ್ಮ ಮನೆಯ ರುಚಿ. ಪುಳಿಯೋಗರೆ, ಚಿತ್ರಾನ್ನ ಕೆಡುವುದಿಲ್ಲ. ಚಪಾತಿಗೆ ಗಟ್ಟಿ ಪಲ್ಯ ಇರಲಿ, ಸಾರು, ಸಾಂಬಾರು ಬೇಡ. ಕರಾವಳಿಯವರಿಗೆ ಕೊಟ್ಟೆ ಕಡುಬಿಗಿಂತ ಒಳ್ಳೆಯ ಬುತ್ತಿ ಇಲ್ಲ. ಹಲಸಿನ ಎಲೆ ಇಲ್ಲಿ ಸಿಗುವುದು ಕಷ್ಟ, ಲೋಟದಲ್ಲಿ ಬೇಯಿಸಿದರೂ ನಡೆಯುತ್ತದೆ. ಮೊಸರನ್ನವನ್ನು ಬೆಳಿಗ್ಗೆ ಪೂರ್ತಿ ಮೊಸರಿನಲ್ಲಿ ಕಲೆಸಿದರೆ ಮಧ್ಯಾಹ್ನಕ್ಕೆ ಹುಳಿಯಾಗುತ್ತದೆ. ಅನ್ನ ಮೆತ್ತಗೆ ಮಾಡಿ, ಆರಿದ ಮೇಲೆ ಹಾಲು ಹಾಕಿ, ಒಂದೆರಡು ಚಮಚ ಮೊಸರು ಸೇರಿಸಿ ಒಗ್ಗರಣೆ ಕೊಡಿ. ಊಟದ ಹೊತ್ತಿಗೆ ಅದು ತಾನೇ ಹೆಪ್ಪಾಗಿ ಸರಿಯಾಗಿರುತ್ತದೆ. ಮಜ್ಜಿಗೆ ಒಂದು ಫ್ಲಾಸ್ಕ್, ಸಾಧ್ಯವಾದರೆ ಪುನರ್ಪುಳಿ ಶರಬತ್ತು ಇನ್ನೊಂದು. ನೀರು ನೀವು ಅಂದುಕೊಂಡದ್ದಕ್ಕಿಂತ ಜಾಸ್ತಿ ಬೇಕು.

ದೊಡ್ಡವರ ಬಿಪಿ, ಶುಗರ್ ಮಾತ್ರೆ, ಒಂದು ಹಳೆಯ ಬೆಡ್‌ಶೀಟು, ಟೋಪಿ, ಸೊಳ್ಳೆಗೆ ಹಚ್ಚುವ ಕ್ರೀಮು. ಚಪ್ಪಲಿ ಬಿಟ್ಟು ಹಿಡಿತ ಇರುವ ಶೂ ಹಾಕಿಸಿ. ಚಿಲ್ಲರೆ ಹಣ ಕೈಯಲ್ಲಿರಲಿ, ಗುಹೆಗಳ ಕಡೆ ಫೋನಿಗೆ ಸಿಗ್ನಲ್ ಬಂದು ಹೋಗಿ ಮಾಡುತ್ತದೆ. ಒಳಗೆ ರಸ್ತೆ ಬದಿಯಲ್ಲಿ ಆದಿವಾಸಿ ಹೆಂಗಸರು ಸೌತೆಕಾಯಿ, ಪೇರಳೆ, ಬೋರೆಹಣ್ಣು, ನೆಲ್ಲಿಕಾಯಿ, ಕಾಲಕ್ಕೆ ತಕ್ಕಂತೆ ಮಾವಿನಕಾಯಿ ಮಾರುತ್ತಿರುತ್ತಾರೆ. ಹಣ್ಣು ಮನೆಯಿಂದ ಹೊತ್ತುಕೊಂಡು ಹೋಗಬೇಡಿ, ಅವರ ಹತ್ತಿರ ಕೊಳ್ಳಿ. ಚೌಕಾಸಿ ಬೇಡ. ಈ ಕಾಡಿನೊಳಗೆ ಅವರ ಪಾಡಾಗಳಿವೆ, ಅಂದರೆ ಸಣ್ಣ ಹಾಡಿಗಳು, ನಾವು ಹೋಗುತ್ತಿರುವುದು ಅವರ ಅಂಗಳಕ್ಕೆ.

ಬೆಳಿಗ್ಗೆ ಮೊದಲು ಗುಹೆ

ಎಲ್ಲರೂ ಬಾಗಿಲ ಹತ್ತಿರದ ಆಟದ ಜಾಗದಿಂದ ಶುರು ಮಾಡುತ್ತಾರೆ, ಹನ್ನೊಂದಕ್ಕೆ "ಇನ್ನು ಗುಹೆಗೆ ಹೋಗೋಣ" ಅನ್ನುತ್ತಾರೆ. ಆ ಹೊತ್ತಿಗೆ ಕಲ್ಲು ಕಾದಿರುತ್ತದೆ, ಬಸ್ಸಿಗೆ ಸಾಲು ಉದ್ದವಾಗಿರುತ್ತದೆ. ನೀವು ತಿರುಗಿಸಿ ಮಾಡಿ. ಬೆಳಿಗ್ಗೆ ಏಳೂವರೆ, ಎಂಟರ ಹೊತ್ತಿಗೆ ಬಾಗಿಲಲ್ಲಿರಿ, ಟಿಕೆಟ್ ತೆಗೆದು, ಅಲ್ಲೇ ಶೌಚಾಲಯ ಮುಗಿಸಿ, ನೇರ ಗುಹೆಗಳಿರುವ ಕನ್ಹೇರಿಗೆ ಹೋಗುವ ಬಸ್ಸು ಹತ್ತಿ. ಬಾಗಿಲಿನಿಂದ ಗುಹೆಗಳಿಗೆ ಆರೇಳು ಕಿಲೋಮೀಟರ್. ಕಾಲೇಜು ಮಕ್ಕಳಿದ್ದರೆ ಬಾಡಿಗೆ ಸೈಕಲ್ ತೆಗೆದುಕೊಳ್ಳಲಿ, ಕೊನೆಯಲ್ಲಿ ಏರು ಸ್ವಲ್ಪ ಗಟ್ಟಿಯಾಗಿದೆ, ಬ್ರೇಕು ನೋಡಿ ತೆಗೆದುಕೊಳ್ಳಲು ಹೇಳಿ. ಪಾರ್ಕಿನ ಟಿಕೆಟ್ ಬೇರೆ, ಗುಹೆಗಳಿಗೆ ಪುರಾತತ್ವ ಇಲಾಖೆಯ ಟಿಕೆಟ್ ಬೇರೆ, ಇದು ಗೊತ್ತಿರಲಿ.

ಬಸ್ಸಿನಲ್ಲಿ ಕಿಟಕಿ ಪಕ್ಕ ದೊಡ್ಡವರನ್ನು ಕೂರಿಸಿ. ಮರಗಳ ಹೆಸರು ಅವರು ಹೇಳಲಿ, ಮಕ್ಕಳು ಫೋನಿನಲ್ಲಿ ಬರೆದುಕೊಳ್ಳಲಿ. ಮರಾಠಿ, ಹಿಂದಿ, ಇಂಗ್ಲಿಷ್ ಶಾಲೆಯಲ್ಲಿ ಕಲಿಯುವ ನಮ್ಮ ಮಕ್ಕಳಿಗೆ ಮತ್ತಿ, ಹೊನ್ನೆ, ಅತ್ತಿ, ನೇರಳೆ ಎಂಬ ಹೆಸರುಗಳು ಮನೆಯ ಒಳಗೆ ಎಲ್ಲಿ ಸಿಗಬೇಕು ಹೇಳಿ? ಇಲ್ಲಿ ಮರದ ಜೊತೆಗೇ ಸಿಗುತ್ತದೆ. ನನಗೆ ಈ ಇಡೀ ದಿನದಲ್ಲಿ ತುಂಬ ಇಷ್ಟವಾಗುವ ಭಾಗ ಇದು.

ಕನ್ಹೇರಿಯಲ್ಲಿ 109 ಗುಹೆಗಳಿವೆ. ಎಲ್ಲವನ್ನೂ ನೋಡಬೇಕು ಎಂದು ಹೊರಡಬೇಡಿ. ಒಂದೇ ಕಪ್ಪು ಬಸಾಲ್ಟ್ ಬೆಟ್ಟವನ್ನು ಸುಮಾರು ಸಾವಿರ ವರ್ಷಗಳ ಕಾಲ, ಕ್ರಿಸ್ತಪೂರ್ವ ಮೊದಲ ಶತಮಾನದಿಂದ ಹತ್ತನೇ ಶತಮಾನದ ಆಸುಪಾಸಿನವರೆಗೆ, ಬೌದ್ಧ ಭಿಕ್ಷುಗಳಿಗಾಗಿ ಕೊರೆಯುತ್ತಲೇ ಹೋದರು. ಹಣ ಕೊಟ್ಟವರಲ್ಲಿ ಸೋಪಾರ, ಕಲ್ಯಾಣದ ವ್ಯಾಪಾರಿಗಳಿದ್ದಾರೆ. ಸೋಪಾರ ಅಂದರೆ ಇಂದಿನ ನಾಲಾಸೋಪಾರ. ಅಲ್ಲಿಂದ ಲೋಕಲ್ ಹತ್ತಿ ಬಂದಿರುವ ಮಕ್ಕಳು ನಿಮ್ಮ ಜೊತೆಗಿದ್ದರೆ ಇದನ್ನು ತಪ್ಪದೇ ಹೇಳಿ.

ಮಂಡಿ ನೋವಿನವರಿಗೆ ಒಳ್ಳೆಯ ಸುದ್ದಿ ಏನೆಂದರೆ, ಅಲ್ಲಿನ ಅತಿ ದೊಡ್ಡ, ಅತಿ ಚೆಂದದ ಗುಹೆಗೆ ತುಂಬ ಹತ್ತಬೇಕಿಲ್ಲ. ಮೊದಲ ಮೆಟ್ಟಿಲುಗಳನ್ನು ಮುಗಿಸಿದರೆ 1, 2, 3ನೇ ಗುಹೆಗಳು ಸಾಲಾಗಿ ಎದುರಿಗೇ ಇವೆ. 3ನೆಯದು ದೊಡ್ಡ ಚೈತ್ಯ, ಅಂದರೆ ಬೌದ್ಧರ ಪೂಜಾ ಮಂದಿರ. ಅದರ ಮುಂಭಾಗದ ಎರಡು ಬದಿಗೆ ನಿಂತ ಬುದ್ಧನ ಎರಡು ಬೃಹತ್ ಮೂರ್ತಿಗಳು, ಒಂದೊಂದೂ ಸುಮಾರು ಏಳು ಮೀಟರ್. ಒಳಗೆ ಎರಡು ಸಾಲು ಕಂಬ, ಕೊನೆಯಲ್ಲಿ ಸ್ತೂಪ. ಅಲ್ಲಿ ಸಾತವಾಹನ ದೊರೆ ಯಜ್ಞಶ್ರೀ ಸಾತಕರ್ಣಿಯ ಕಾಲದ ಶಾಸನವಿದೆ. ಅಜ್ಜ, ಅಜ್ಜಿಗೆ ಇಷ್ಟು ಸಾಕು. ಒಳಗೆ ತಂಪು ಇರುತ್ತದೆ, ಒಂದು ಬದಿಗೆ ಕೂತು ಸುಧಾರಿಸಿಕೊಳ್ಳಲಿ, ಜೊತೆಗೆ ಒಬ್ಬರು ಇರಲಿ. ಸುಮ್ನೆ ಐದು ನಿಮಿಷ ಮಾತಿಲ್ಲದೆ ಇರಿ, ಮಕ್ಕಳಿಗೂ ಹೇಳಿ. ಅಲ್ಲಿ ಕೂಗಿ ಪ್ರತಿಧ್ವನಿ ಕೇಳುವ ಆಟ ಬೇಡ, ಅದು ಪೂಜೆ, ಧ್ಯಾನಕ್ಕೆ ಮಾಡಿದ ಜಾಗ, ಇಂದಿಗೂ ಕೈ ಮುಗಿಯಲು ಬರುವವರಿದ್ದಾರೆ.

ಕಾಲು ಗಟ್ಟಿ ಇರುವವರು ಮುಂದೆ ಹಳ್ಳದ ಬದಿಯಲ್ಲಿ 11ನೇ ಗುಹೆಗೆ ಹೋಗಿ. ಅದನ್ನು ದರ್ಬಾರ್ ಗುಹೆ ಅನ್ನುತ್ತಾರೆ. ದೊಡ್ಡ ಹಜಾರ, ನಡುವೆ ಉದ್ದಕ್ಕೆ ಎರಡು ತಗ್ಗಿನ ಕಲ್ಲು ಜಗಲಿ. ಕನ್ನಡದವರು ಇಲ್ಲಿ ಸ್ವಲ್ಪ ಹೊತ್ತು ನಿಲ್ಲಲೇಬೇಕು. ಕನ್ಹೇರಿಯ ಒಂಬತ್ತನೇ ಶತಮಾನದ ಶಾಸನಗಳಲ್ಲಿ ರಾಷ್ಟ್ರಕೂಟ ಅಮೋಘವರ್ಷನ ಹೆಸರಿದೆ, ನಮ್ಮ ನೃಪತುಂಗನೇ. ಆಗ ಕೊಂಕಣವನ್ನು ನೋಡಿಕೊಳ್ಳುತ್ತಿದ್ದ ಶಿಲಾಹಾರರು ಅವನ ಸಾಮಂತರು. ಇಲ್ಲಿನ ಭಿಕ್ಷುಗಳ ಬಟ್ಟೆಗೆ, ಪುಸ್ತಕಕ್ಕೆ, ಗುಹೆಯ ದುರಸ್ತಿಗೆ ಎಂದು ಕೊಟ್ಟ ದಾನಗಳನ್ನು ಕಲ್ಲಿನಲ್ಲಿ ಬರೆಸಿದ್ದಾರೆ. ಮಳಖೇಡದಿಂದ ಆಳಿದ ಅರಸನ ಹೆಸರು ಬೊರಿವಲಿಯ ಬೆಟ್ಟದ ಮೇಲಿದೆ. ಹೊಟ್ಟೆಪಾಡಿಗೆ ಈ ಊರಿಗೆ ಬಂದವರ ಮಕ್ಕಳು "ನಾವು ಹೊರಗಿನವರು" ಎಂಬ ಮಾತು ಕೇಳಿಕೊಂಡೇ ಬೆಳೆಯುತ್ತಾರೆ. ಅವರಿಗೆ ಈ ಕಲ್ಲಿನ ಮುಂದೆ ನಿಲ್ಲಿಸಿ ಈ ಕಥೆ ಹೇಳಬೇಕು ಎಂಬುದು ನನ್ನ ಆಸೆ.

ಮೇಲಕ್ಕೆ ಹತ್ತುವಾಗ ಕಾಲ ಕೆಳಗೆ ನೋಡಿ. ಬಂಡೆಯಲ್ಲಿ ಸಣ್ಣ ಸಣ್ಣ ಕಾಲುವೆ ಕೊರೆದಿದ್ದಾರೆ. ಮಳೆ ನೀರು ಅದರಲ್ಲಿ ಹರಿದು ಗುಹೆಯ ಪಕ್ಕದ ತೊಟ್ಟಿಗೆ ಬೀಳುತ್ತದೆ. ನಮ್ಮ ಸೊಸೈಟಿಯಲ್ಲಿ ಟ್ಯಾಂಕರ್‌ಗೆ ಕಾಯುವ ನಮಗೆ ಆ ತೊಟ್ಟಿಗಳನ್ನು ನೋಡಿದರೆ ಕೈ ಮುಗಿಯಬೇಕು ಅನ್ನಿಸುತ್ತದೆ. ದೊಡ್ಡ ಮಕ್ಕಳಿಗೆ ಆಸಕ್ತಿ ಇದ್ದರೆ 41ನೇ ಗುಹೆಯಲ್ಲಿ ಹನ್ನೊಂದು ತಲೆಯ ಅವಲೋಕಿತೇಶ್ವರ ಎಂಬ ಬೋಧಿಸತ್ವ ಇದ್ದಾನೆ, 90ರಲ್ಲಿ ಹನ್ನೊಂದನೇ ಶತಮಾನದಲ್ಲಿ ಇಲ್ಲಿಗೆ ಬಂದ ಪಾರ್ಸಿಗಳು ಇರಾನಿನ ಹಳೆಯ ಭಾಷೆಯಾದ ಪಹ್ಲವಿಯಲ್ಲಿ ಬರೆದ ಬರಹ ಇದೆ. ನಂಬರು ಹಿಡಿದು ಹುಡುಕುವುದೇ ಅವರಿಗೆ ಒಳ್ಳೆಯ ಆಟ. ಹನ್ನೊಂದು ಗಂಟೆಗೆ ಎಲ್ಲರೂ ಕೆಳಗೆ ಇಳಿದಿರಬೇಕು.

ಊಟ, ಮಂಗ

ಗುಹೆಗಳ ಹತ್ತಿರ ಡಬ್ಬಿ ಬಿಚ್ಚಬೇಡಿ. ಅಲ್ಲಿನ ಮಂಗಗಳಿಗೆ ಮನುಷ್ಯರ ಚೀಲದ ಜಿಪ್ ಸದ್ದು ಗೊತ್ತು. ಬಸ್ಸಿನಲ್ಲಿ ಕೆಳಗೆ ಬಂದು, ಬಾಗಿಲ ಕಡೆಯ ತೋಟ, ದಹಿಸರ್ ನದಿಯ ಆಸುಪಾಸಿನ ನೆರಳಿನಲ್ಲಿ ಬೆಡ್‌ಶೀಟು ಹಾಸಿ. ಎಲ್ಲ ಡಬ್ಬಿಗಳನ್ನು ಒಟ್ಟಿಗೆ ತೆರೆಯಬೇಡಿ, ಒಂದೊಂದಾಗಿ ತೆರೆದು ಬಡಿಸಿ ಮುಚ್ಚಿ. ಮಂಗ ಬಂದರೆ ಕಣ್ಣಿಗೆ ಕಣ್ಣಿಟ್ಟು ನೋಡಬೇಡಿ, ಹಲ್ಲು ತೋರಿಸಿ ನಗಬೇಡಿ, ಅದಕ್ಕೆ ಅದು ಜಗಳದ ಸೂಚನೆ. ಮಗುವಿನ ಕೈಯಿಂದ ಏನಾದರೂ ಕಿತ್ತುಕೊಂಡರೆ ಬಿಟ್ಟುಬಿಡಿ, ಎಳೆದಾಡಿದರೆ ಕಚ್ಚುತ್ತದೆ. ಕಚ್ಚಿದರೆ, ಪರಚಿದರೆ ತಕ್ಷಣ ಸೋಪು ಹಾಕಿ ಹದಿನೈದು ನಿಮಿಷ ಹರಿಯುವ ನೀರಿನಲ್ಲಿ ತೊಳೆಯಿರಿ, ಅದೇ ದಿನ ರೇಬೀಸ್ ಇಂಜೆಕ್ಷನ್ನಿಗೆ ಆಸ್ಪತ್ರೆಗೆ ಹೋಗಿ, "ಸಣ್ಣ ಗಾಯ" ಎಂದು ಮನೆಗೆ ಹೋಗಬೇಡಿ. ಹನುಮಂತ ಎಂದು ಬಾಳೆಹಣ್ಣು ಕೊಡುವ ಮನಸ್ಸು ದೊಡ್ಡವರಿಗೆ ಬರುತ್ತದೆ. ಅವರಿಗೆ ಗೌರವದಿಂದಲೇ ತಿಳಿಸಿ ಹೇಳಿ. ಕೊಡುವುದಕ್ಕೆ ನಿಷೇಧ ಇದೆ. ಹಾಗೆ ಕೊಟ್ಟು ಕೊಟ್ಟೇ ಅವು ಕಾಡಿನ ಹಣ್ಣು ಬಿಟ್ಟು ಮನುಷ್ಯರ ಕೈ ನೋಡುವುದನ್ನು ಕಲಿತಿವೆ.

ಊಟವಾದ ಮೇಲೆ ಒಂದು ಗಂಟೆ ಯಾರೂ ಎಲ್ಲಿಗೂ ಹೋಗುವುದು ಬೇಡ. ದೊಡ್ಡವರು ಅಡ್ಡಾಗಲಿ. ಇಸ್ಪೀಟು, ಚೌಕಾಬಾರ ತಂದಿದ್ದರೆ ಆಡಿ. ಚೌಕಾಬಾರಕ್ಕೆ ಕವಡೆ ಇಲ್ಲದಿದ್ದರೆ ಹುಣಸೆ ಬೀಜ ಒಂದು ಬದಿ ತೇದು ತನ್ನಿ, ಮನೆ ಗೆರೆಯನ್ನು ಮಣ್ಣಿನ ಮೇಲೇ ಎಳೆಯಬಹುದು. ಸ್ಪೀಕರ್ ಹಚ್ಚಿ ಹಾಡು ಹಾಕಬೇಡಿ, ದಯವಿಟ್ಟು.

ಮಧ್ಯಾಹ್ನದ ಮೇಲೆ

ಈಗ ಮಕ್ಕಳ ಸರದಿ. ಸಫಾರಿಗೆ ಟಿಕೆಟ್ ಸಿಕ್ಕರೆ ಹೋಗಿ, ಜಾಲರಿ ಹಾಕಿದ ಗಾಡಿಯಲ್ಲಿ ಹುಲಿ, ಸಿಂಹ ತೋರಿಸುತ್ತಾರೆ. ಮಕ್ಕಳಿಗೆ ಮೊದಲೇ ನಿಜ ಹೇಳಿ: ಇವು ಬೇಲಿಯೊಳಗೆ ಸಾಕಿದ ಪ್ರಾಣಿಗಳು, ಈ ಕಾಡಿನಲ್ಲಿ ಸ್ವತಂತ್ರವಾಗಿ ತಿರುಗುವ ಹುಲಿ, ಸಿಂಹ ಇಲ್ಲ. ವನರಾಣಿ ಎಂಬ ಪುಟ್ಟ ರೈಲಿನ ಆಸೆ ಮಕ್ಕಳಿಗೆ ಹಚ್ಚುವ ಮೊದಲು ಅವತ್ತು ಓಡುತ್ತಿದೆಯಾ ಎಂದು ಬಾಗಿಲಲ್ಲಿ ಕೇಳಿಕೊಳ್ಳಿ. 2021ರ ಮೇ ತಿಂಗಳ ತೌಕ್ತೆ ಚಂಡಮಾರುತಕ್ಕೆ ಅದರ ಹಳಿ ಹಾಳಾಗಿ ಬಹಳ ಕಾಲ ನಿಂತಿತ್ತು. ಗಾಂಧಿ ಸ್ಮಾರಕ ಇರುವ ಗುಡ್ಡ ಶಾಂತವಾಗಿದೆ, ಸಂಜೆ ಹೊತ್ತು ಚೆನ್ನ. ಬಾಗಿಲ ಹತ್ತಿರದ ದಿಗಂಬರ ಜೈನ ತ್ರಿಮೂರ್ತಿ ಮಂದಿರದಲ್ಲಿ ಆದಿನಾಥ, ಭರತ, ಬಾಹುಬಲಿ ಮೂವರೂ ನಿಂತಿದ್ದಾರೆ. ಕಾರ್ಕಳ, ಶ್ರವಣಬೆಳಗೊಳ ನೋಡಿ ಬೆಳೆದ ದೊಡ್ಡವರಿಗೆ ಅಲ್ಲಿಗೆ ಹೋದರೆ ಊರಿನ ನೆನಪಾಗುತ್ತದೆ.

ಇದೆಲ್ಲಕ್ಕಿಂತ ಚಿಟ್ಟೆ ನೋಡುವುದು ನನಗೆ ಮೇಲು. ಈ ಕಾಡಿನಲ್ಲಿ ನೂರೈವತ್ತಕ್ಕೂ ಜಾಸ್ತಿ ಜಾತಿಯ ಚಿಟ್ಟೆಗಳಿವೆ. ಕಪ್ಪು ರೆಕ್ಕೆಯ ಮೇಲೆ ನೀಲಿ ಬಳಿದಂತಿರುವ ದೊಡ್ಡ ಚಿಟ್ಟೆ ಕಂಡರೆ ಅದು ಬ್ಲೂ ಮಾರ್ಮನ್, ಮಹಾರಾಷ್ಟ್ರದ ರಾಜ್ಯ ಚಿಟ್ಟೆ. ಹಿಡಿಯಬಾರದು, ಎಣಿಸಬೇಕು. ಆರು ವರ್ಷದ ಮಗುವಿಗೂ ಎಪ್ಪತ್ತರ ಅಜ್ಜನಿಗೂ ಇದರಲ್ಲಿ ಸಮಾನ ಅವಕಾಶ, ಖರ್ಚು ಏನೂ ಇಲ್ಲ. ತುಳಸಿ, ವಿಹಾರ್ ಕೆರೆಗಳಿಗೆ ಮಾತ್ರ ಹೋಗಲು ಬಿಡುವುದಿಲ್ಲ. ವಿಹಾರ್ 1860ರದ್ದು, ತುಳಸಿ 1879ರದ್ದು, ಎರಡೂ ಇಂದಿಗೂ ನಮ್ಮ ನಲ್ಲಿಗೆ ನೀರು ಕೊಡುತ್ತಿವೆ. ಈ ಕಾಡು ಇರುವುದರಿಂದಲೇ ಆ ಕೆರೆ ತುಂಬುತ್ತದೆ ಎಂಬುದನ್ನು ಮಕ್ಕಳಿಗೆ ಅಲ್ಲೇ ಹೇಳಿ.

ಶಿಲೋಂಡಾದಂಥ ಕಾಡುದಾರಿಗಳಿಗೆ ಅನುಮತಿ ಮತ್ತು ಮಾರ್ಗದರ್ಶಿ ಬೇಕು. ಅದನ್ನು ಬೇರೆ ದಿನಕ್ಕೆ ಇಟ್ಟುಕೊಳ್ಳಿ, ದೊಡ್ಡವರು ಇರುವ ದಿನಕ್ಕೆ ಸೇರಿಸಬೇಡಿ.

ಚಿರತೆ

ಎಲ್ಲರೂ ಕೇಳುವ ಪ್ರಶ್ನೆ ಇದೇ. ಹೌದು, ಇಲ್ಲಿ ಚಿರತೆಗಳಿವೆ, ಚೆನ್ನಾಗಿಯೇ ಇವೆ. ಹಗಲು ಹೊತ್ತಿನಲ್ಲಿ, ಜನ ಓಡಾಡುವ ರಸ್ತೆಯಲ್ಲಿ ನಿಮಗೆ ಕಾಣುವ ಸಾಧ್ಯತೆ ಬಹಳ ಕಡಿಮೆ. ಅವು ಮನುಷ್ಯರಿಂದ ದೂರ ಇರಲು ನೋಡುತ್ತವೆ. ತೊಂದರೆ ಶುರುವಾಗುವುದು ಕಸದಿಂದ. ಕಸ ಬಿದ್ದಲ್ಲಿ ಬೀದಿ ನಾಯಿ ಸೇರುತ್ತವೆ, ನಾಯಿಗಳನ್ನು ತಿನ್ನಲು ಚಿರತೆ ಕಾಡಿನ ಅಂಚಿಗೆ ಬರುತ್ತದೆ. ಅದಕ್ಕೇ ಎಂಜಲೆಲೆಯ ಬಗ್ಗೆ ಅಷ್ಟು ಹೇಳಿದ್ದು. 2011ರಲ್ಲಿ ಅರಣ್ಯ ಇಲಾಖೆ, ಸಂಶೋಧಕರು, ಊರಿನ ಜನ ಸೇರಿ 'ಮುಂಬೈಕರ್ಸ್ ಫಾರ್ ಎಸ್‌ಜಿಎನ್‌ಪಿ' (ಅಂದರೆ ಈ ಪಾರ್ಕಿಗಾಗಿ ಮುಂಬೈಯವರು) ಎಂಬ ಕೆಲಸ ಶುರು ಮಾಡಿದ ಮೇಲೆ ಈ ತಿಳಿವಳಿಕೆ ಹೆಚ್ಚು ಜನರಿಗೆ ಬಂದಿದೆ.

ನೀವು ಪಾಲಿಸಬೇಕಾದದ್ದು ಸ್ವಲ್ಪವೇ. ಸಣ್ಣ ಮಕ್ಕಳನ್ನು ಪೊದೆಯ ಕಡೆಗೆ ಒಂಟಿಯಾಗಿ ಬಿಡಬೇಡಿ, ಮೂತ್ರಕ್ಕೂ ಶೌಚಾಲಯಕ್ಕೇ ಕರೆದುಕೊಂಡು ಹೋಗಿ. ಗುಂಪಾಗಿ ನಡೆಯಿರಿ. ಮಬ್ಬು ಕವಿಯುವ ಮೊದಲೇ ಹೊರಗೆ ಬನ್ನಿ. ಅಕಸ್ಮಾತ್ ಕಂಡರೆ ಓಡಬೇಡಿ, ಬಗ್ಗಬೇಡಿ, ಸುತ್ತುವರಿಯಬೇಡಿ, ಮಗುವನ್ನು ಎತ್ತಿಕೊಂಡು ನಿಧಾನವಾಗಿ ಹಿಂದೆ ಸರಿಯಿರಿ, ಅದಕ್ಕೆ ಹೋಗಲು ದಾರಿ ಬಿಡಿ. ಮಹಾರಾಷ್ಟ್ರ ಅರಣ್ಯ ಇಲಾಖೆಯ ಸಹಾಯವಾಣಿ 1926, ಫೋನಿನಲ್ಲಿ ಇಟ್ಟುಕೊಳ್ಳಿ.

ಇಲ್ಲಿನ ವಾರ್ಲಿಗಳು ವಾಘೋಬಾನನ್ನು ಪೂಜಿಸುತ್ತಾರೆ, ಹುಲಿ, ಚಿರತೆಯ ದೇವರು. ತುಳುನಾಡಿನವರಿಗೆ ಹುಲಿ ದೈವ ಪಿಲಿಚಾಮುಂಡಿಯ ಬಗ್ಗೆ ಹೇಳಿಕೊಡಬೇಕಿಲ್ಲ. ಕಾಡಿನ ಪ್ರಾಣಿಗೆ ಒಂದು ಗುಡಿ, ಒಂದು ಜಾಗ, ಒಂದು ಭಯ, ಒಂದು ಭಕ್ತಿ ಇಟ್ಟು ಬದುಕುವುದು ನಮ್ಮ ದೊಡ್ಡವರಿಗೆ ಗೊತ್ತಿತ್ತು. ಅಜ್ಜಿಯ ಹತ್ತಿರ ಊರಿನ ಹುಲಿ ಕಥೆ ಇದ್ದರೆ ಅದನ್ನು ಹೇಳಿಸಲು ಈ ಹೊತ್ತೇ ಸರಿ.

ವಾಪಸ್

ನಾಲ್ಕೂವರೆಗೆ ಚೀಲ ಕಟ್ಟಿ. ಆಮೇಲೆ ಬಾಗಿಲ ಹೊರಗೆ ಆಟೋಗೆ ಪೈಪೋಟಿ ಜಾಸ್ತಿ. ಕೂತಿದ್ದ ಜಾಗವನ್ನು ಮಕ್ಕಳಿಂದಲೇ ಒಮ್ಮೆ ನೋಡಿಸಿ, ಕಿತ್ತಳೆ ಸಿಪ್ಪೆಯೂ ಉಳಿಯಬಾರದು. ಸಂಜೆ ಅಡುಗೆ ಮಾಡುವ ಕೆಲಸವನ್ನು ಮನೆಯ ಹೆಂಗಸರ ಮೇಲೆ ಹಾಕಬೇಡಿ, ಬೆಳಿಗ್ಗೆ ಐದಕ್ಕೆ ಎದ್ದು ಬುತ್ತಿ ಕಟ್ಟಿದವರು ಅವರೇ. ಬೊರಿವಲಿ ಸ್ಟೇಷನ್ ಹತ್ತಿರ ನಮ್ಮ ಕಡೆಯವರ ಹೋಟೆಲ್ ಹುಡುಕುವುದು ಕಷ್ಟವಲ್ಲ, ಬಿಸಿ ಇಡ್ಲಿ, ಕಾಫಿ ಮುಗಿಸಿಕೊಂಡು ಹೊರಡಿ. ಚರ್ಚ್‌ಗೇಟಿನ ಕಡೆ ಹೋಗುವವರು ಇಲ್ಲೂ ಬೊರಿವಲಿಯಿಂದಲೇ ಹೊರಡುವ ಲೋಕಲ್ ನೋಡಿ ಹತ್ತಿ. ಗಾಡಿ ಖಾಲಿ ಬರುತ್ತದೆ, ಅಜ್ಜಿಗೆ ಕಿಟಕಿ ಸೀಟು ಸಿಗುತ್ತದೆ.